ಅಡುಗೆಮನೆಯ ಹಿಂದಿನ ಕೋಣೆ

ಬುವಾಪನ್ ಆ ಮನೆಯ ಮುದುಕಿಯ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು ಮೀನಖಂಡವನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದಳು. ಜಗಲಿಯ ಬಿದಿರಿನ ಮಂಚದ ತುದಿಯಲ್ಲಿ ಕೂತಿದ್ದರೂ ಅವಳ ಕಣ್ಣು ಮತ್ತೆ ಮತ್ತೆ ಅಡುಗೆಮನೆಯ ಹಿಂದಿನ ಕೋಣೆಯ ಕಡೆ ಹೋಗುತ್ತಿತ್ತು. ಒಂದು ಕಿಟಕಿ, ಒಂದು ಫ್ಯಾನು, ಒಳಗಿನಿಂದ ಹಾಕಿಕೊಳ್ಳುವ ಚಿಲಕ.

"ಸಂಜೆ ಬೀಗದ ಕೈ ಕೊಡ್ತೀನಿ ಅಕ್ಕಾ," ಎಂದು ಮನೆಯೊಡತಿ ವಿಲಾಯ್ ಬೆಳಿಗ್ಗೆಯೇ ಹೇಳಿದ್ದಳು. "ಅಮ್ಮನ ಕಾಲು ನೋಡ್ಕೊಳ್ಳಿ, ಬಾಡಿಗೆ ಬೇಡ. ಇಂಥ ಕೈ ಇಡೀ ಲಂಪಾಂಗ್ ಊರಲ್ಲೇ ಇಲ್ಲ. ಎಲ್ಲಿ ಕಲಿತ್ರಿ?"

"ಗಡಿಯ ಕಡೆ, ಒಂದೂರಲ್ಲಿ."

ಸುಳ್ಳಲ್ಲ. ಆ ಊರಿನ ಜೈಲಿನಲ್ಲಿ ಎನ್ನಲಿಲ್ಲ, ಅಷ್ಟೆ. ಬಿಡುಗಡೆಯಾದಾಗಿನಿಂದ ಅವಳು ಮಲಗುತ್ತಿದ್ದದ್ದು ಬೌದ್ಧ ವಿಹಾರದಲ್ಲಿ, ಹೆಣ ಇಡುವ ಮಂಟಪದಲ್ಲಿ. ಹೆಣ ಬಂದ ರಾತ್ರಿ ಅದೂ ಇಲ್ಲ. ಅರವತ್ತು ದಾಟಿದ ಒಂಟಿ ಹೆಂಗಸಿಗೆ ಯಾರೂ ಕೋಣೆ ಕೊಡುವುದಿಲ್ಲ. ಸತ್ತು ದೆವ್ವವಾಗಿ ಅಲ್ಲೇ ಉಳಿದರೆ ಎಂದು ಮನೆಯವರಿಗೆ ಭಯ.

ಗೇಟು ಕಿರುಗುಟ್ಟಿತು. ಖಾಕಿ ಕಂಡಿತು.

ಮೈ ಅವಳ ಮಾತಿಗೆ ಕಾಯಲಿಲ್ಲ. ಮಂಚದಿಂದ ಜಾರಿ ನೆಲಕ್ಕೆ ಕೂತಳು. ಮಂಡಿ ಮಡಿಸಿ, ಕೈ ಜೋಡಿಸಿ, ತಲೆ ತಗ್ಗಿಸಿ.

"ಅಯ್ಯೋ, ಏಳಿ ಅಮ್ಮಾ, ನಾನು ಬರೀ ಲೆಕ್ಕದ ಮೇಷ್ಟ್ರು!" ಎಂದು ವಿಲಾಯ್‌ಳ ತಮ್ಮ ನಕ್ಕ. ಸೋಮವಾರ. ಸರ್ಕಾರದ ಸಂಬಳದವರೆಲ್ಲ ಖಾಕಿ ತೊಡುವ ದಿನ.

ವಿಲಾಯ್ ನಗಲಿಲ್ಲ. ಪುಣ್ಯಕ್ಕೆಂದು ವರ್ಷವರ್ಷ ಜೈಲಿಗೆ ಊಟ ಕೊಡುವವಳು ಅವಳು. ಅಲ್ಲಿ ಸಾಲಾಗಿ ಹೀಗೆ ಕೂತ ಕೈದಿಗಳನ್ನು ನೋಡಿದ್ದಳು.

"ಎಷ್ಟು ವರ್ಷ ಇದ್ದೆ?"

ಬೆಳಿಗ್ಗೆ ಕರೆದ 'ಅಕ್ಕಾ' ಎಲ್ಲಿ ಹೋಯಿತು?

"ಹನ್ನೊಂದು. ಮಗ ಮಾರುತ್ತಿದ್ದ ಮತ್ತಿನ ಮಾತ್ರೆ ನನ್ನ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು."

"ನನಗೇನಿಲ್ಲಪ್ಪ. ಆದ್ರೆ ಮೇಲ್ಗಡೆ ಕಾಲೇಜು ಹುಡುಗೀರಿದ್ದಾರೆ. ರಾತ್ರಿ ಇರೋದು ಬೇಡ. ಹಗಲು ಬಾ, ಕಾಲೊತ್ತಿ ಹೋಗು."

"ಪಾಪ, ವಯಸ್ಸಾದೋರು ಕಣಕ್ಕಾ," ಎಂದ ತಮ್ಮ.

"ಹಾಗಾದ್ರೆ ನಿನ್ನ ಮನೇಲಿ ಇಟ್ಕೋ."

ಅವನು ಮೊಬೈಲು ನೋಡತೊಡಗಿದ.

ತಾಯಿಯ ಮೈ ಮುಟ್ಟಲು ಬೇಕಾದ ಕೈ ಕತ್ತಲಾದೊಡನೆ ಕಳ್ಳನ ಕೈಯಾಗುತ್ತದೆಯೇ? ಹನ್ನೊಂದು ವರ್ಷ ಬುವಾಪನ್ ಇವಳು ಕಳಿಸಿದಂಥ ಅನ್ನವನ್ನೇ ತಲೆ ಬಾಗಿಸಿ ತೆಗೆದುಕೊಂಡಿದ್ದಳು. ಒಳಗಿರುವವರೆಗೆ ಪುಣ್ಯ ತರುವವಳು, ಹೊರಬಂದರೆ ಪೀಡೆ.

"ಏನೇ, ಒಂದೇ ಕಾಲು ಒತ್ತಿ ಬಿಟ್ಟೆಯಾ?" ಮುದುಕಿ ಕೂಗಿದಳು. "ಇನ್ನೊಂದು ನಾಯೀದಾ?"

ಬುವಾಪನ್ ಮಂಚದ ಕಾಲು ಹಿಡಿದು ಎದ್ದಳು. ಬಲಗಾಲನ್ನು ಎತ್ತಿಕೊಂಡು ಎಣ್ಣೆ ಸವರಿದಳು.

"ನಾಳೆ ಹೊತ್ತಿಗೆ ಸರಿಯಾಗಿ ಬಾ," ಎಂದಳು ವಿಲಾಯ್. "ಹಿಂದಿನ ಬಾಗಿಲಿಂದ."

"ಹೂಂ."

ಕೈ ಹಿಮ್ಮಡಿಗೆ ಬರುವಷ್ಟರಲ್ಲಿ ಅವಳು ತೀರ್ಮಾನಿಸಿಯಾಗಿತ್ತು. ನಾಳೆ ಬರುವುದಿಲ್ಲ. ಮುಂದೆ ಕೋಣೆ ಕೇಳುವ ಮನೆಯ ಗೇಟಿನಲ್ಲಿ, ಯಾರೂ ಕೇಳುವ ಮೊದಲೇ, ಜೈಲಿನಲ್ಲಿದ್ದದ್ದನ್ನು ನಿಂತುಕೊಂಡೇ ಹೇಳುತ್ತಾಳೆ.

"ಮೆಲ್ಲಗೆ ಕಣೇ, ಇವತ್ತು ಜೋರಾಯ್ತು," ಎಂದಳು ಮುದುಕಿ.

ಬುವಾಪನ್ ಬೆರಳು ಸಡಿಲಿಸಿದಳು.