ಹಸಿರು ಟೊಪ್ಪಿಗೆಯ ಬೆನ್ನಹಿಂದೆ

ಹೂಕೋಸು, ಹೌದು, ಹೂಕೋಸೇ, ದೋಣಿ ತುಂಬ — ಊರಲ್ಲಿ ಹಿಂಗಾರಿ ಬಿತ್ತಿಗೆ ಮುಗಿದು ಕಬ್ಬಿನ ಗಾಡಿಗಳು ಕಾರ್ಖಾನೆಯ ದಾರಿ ಹಿಡಿಯುವ ಈ ಚಳಿಯ ಮೊದಲಲ್ಲಿ ವೆನಿಸ್ಸಿನವರೂ ಹೂಕೋಸು ತಿನ್ನುತ್ತಾರೆ, ಇಬ್ಬರು ಗಟ್ಟಿ ಆಳುಗಳು ಬುಟ್ಟಿಗಳನ್ನು ನೀರಿನಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಓಣಿಗೆ ಕೈ ಬದಲಿಸುತ್ತಿದ್ದಾರೆ, ಗಡ್ಡೆ ಬಿಗಿಯಾಗಿವೆ, ಹಳದಿ ತಿರುಗಿಲ್ಲ, ಮೂಡಲಗಿಯ ಬೀಜದಂಗಡಿಯವನ ಹೆಂಡತಿ ಇದನ್ನು ನೋಡದೆ ಹೇಗೆ ಹೋದಾಳು, ತಬಸ್ಸುಮ ತಲೆ ಎತ್ತುವಷ್ಟರಲ್ಲಿ ಹಸಿರು ಟೊಪ್ಪಿಗೆ ಮುಂದಿನ ತಿರುವಿಗೆ ಹೋಗಿಬಿಟ್ಟಿತ್ತು, ನೆರಿಗೆ ಹಿಡಿದು ಬಿರಬಿರನೆ ನಡೆದಳು. ಟೊಪ್ಪಿಗೆ ಬೀಜದ ಕಂಪನಿಯದು, ಗಂಡಸರಿಗೆಲ್ಲ ಒಂದೊಂದು, ಪ್ರವಾಸವೂ ಕಂಪನಿಯದು, ಹೆಚ್ಚು ಬೀಜ ಮಾರಿದ ಅಂಗಡಿಕಾರರಿಗೆ ಜೋಡಿಯಾಗಿ ಇಟಲಿ — ಜೋಡಿ ಎಂದರೆ ಗಂಡ ಅಖ್ತರ ಮುಂದೆ, ಅವಳು ನಾಲ್ಕು ಮಾರು ಹಿಂದೆ, ಮಸಗುಪ್ಪಿಯ ತವರಿಗೆ ಹೋದರೂ ಹಾಗೆ, ಗೋಕಾಕದ ಪೇಟೆಯಲ್ಲೂ ಹಾಗೆ, ಹಿರಿಯರೆದುರು ಗಂಡನ ಬಾಜೂಕ ನಡೆಯಬಾರದೆಂದು ಶುರುವಾದದ್ದು, ಹಿರಿಯರು ಒಬ್ಬೊಬ್ಬರಾಗಿ ಮಣ್ಣಿಗೆ ಹೋದರು, ನಾಲ್ಕು ಮಾರು ಉಳಿಯಿತು. ಬೇಸರವೇನಿಲ್ಲ, ಚಲೋ ಬೆನ್ನು ಅದು, ಮಾತಾಡುವ ಬೆನ್ನು, ತಬ್ಸು ನೀರ ನೋಡ, ನಮ್ಮ ಘಟಪ್ರಭಾಕಿಂತ ಹಸರ ಐತಿ, ತಬ್ಸು ಈ ಊರಾಗ ಒಂದ ಗಾಡಿ ಇಲ್ಲ ನೋಡ, ಪಂಚರ್ ತಗಿಯಾವ ಉಪಾಸ — ಹಿಂದಿನಿಂದ ಒಂದು ಹ್ಞೂಂ ಅಂದರೆ ಸಾಕು, ಹ್ಞೂಂ ಅನ್ನುತ್ತ ಅನ್ನುತ್ತ ಮಗಳನ್ನು ಬೆಳೆಸಿದ್ದು, ಮನೆ ಕಟ್ಟಿದ್ದು, ಸುಖವೇ. ಒಂದೇ ಒಂದು ಸಲ, ಲಗ್ನವಾದ ವಾರ, ಗೋಕಾಕ ಫಾಲ್ಸಿನ ತೂಗುಸೇತುವೆಯ ನಡುವೆ ಹಲಗೆ ಅಲುಗಿ, ಕೆಳಗೆ ನೀರಿನ ಅಬ್ಬರಕ್ಕೆ ಕಾಲು ಏಳದೆ ನಿಂತುಬಿಟ್ಟಳು, ಆ ಬೆನ್ನು ಕಾಕಾನ ಜೊತೆ ಮಾತಾಡುತ್ತ ಆಚೆ ದಂಡೆ ಮುಟ್ಟಿತು, ತಿರುಗಲಿಲ್ಲ, ನಾದಿನಿ ಬಂದು ಕೈ ಹಿಡಿದಳು — ಒಂದು ನೋಟದ ಬಾಕಿ, ಅಷ್ಟೇ, ಅವನಿಗೇ ಗೊತ್ತಿಲ್ಲದ ಬಾಕಿ, ನಾ ಹಿಂದ ಇರದಿದ್ರ ನಿಮಗ ತಿಳೀತೈತೇನ್ರಿ ಎಂದು ಬೆನ್ನಿಗೆ ಹೇಗೆ ಕೇಳುವುದು.

ಬೆನ್ನು ಈಗಲೂ ಮಾತಾಡುತ್ತಲೇ ಇದೆ, ಆದರೆ ಏನೇನೋ, ಮೊಣಕಾಲ ನೋಯ್ತಾವಂದ್ರ ಹೋಟೆಲಿನ್ಯಾಗ ಬಿದ್ಕೋಬೇಕಿತ್ತು, ಕಾಜಿನ ಮಣಿ ಸರ ಇನ್ನ ಎಷ್ಟ ತಗೋತಿ, ಹುಕ್ಕೇರಿ ತುಂಬ ಹಂಚಾಕೇನ — ಹುಕ್ಕೇರಿ? ತನ್ನ ಮೊಣಕಾಲು ಗಟ್ಟಿಯಾಗಿವೆ, ಸರ ಕೊಂಡಿಲ್ಲ, ಈ ಹೆಗಲು ಅಗಲ, ಕುತ್ತಿಗೆಯ ಮೇಲಿನ ಮಚ್ಚೆ ಎಲ್ಲಿ — ಬೆನ್ನು ತಾನಾಗಿ ನಿಂತು ತಿರುಗಿತು, ಹುಕ್ಕೇರಿಯ ಅಂಗಡಿಕಾರ ಲಕ್ಕಪ್ಪ, ಅಯ್ಯಯ್ಯ ಭಾಭೀ, ನೀವೇನ್ರಿ, ಅದಕ್ಕ ಅಂತೇನಿ, ನಮ್ಮ ಮನಿಯಾಕಿ ತಾಯವ್ವ ಇಷ್ಟೊತ್ತು ಎದುರ ಮಾತಾಡದ ಇರಾಕಿ ಅಲ್ಲ! ಇಬ್ಬರೂ ಗೋಡೆ ಹಿಡಿದು ನಕ್ಕರು, ತಾಯವ್ವ ಹಾಗಾದರೆ ಎಲ್ಲಿ, ಮತ್ತೆಲ್ಲಿ, ಇನ್ನೊಂದು ಹಸಿರು ಟೊಪ್ಪಿಗೆಯ ಹಿಂದೆ. ತಬಸ್ಸುಮಳ ಫೋನು ಅಖ್ತರನ ಕಿಸೆಯಲ್ಲೇ ಇದೆ, ಲಕ್ಕಪ್ಪ ತನ್ನದರಿಂದ ಹಚ್ಚಿದ, ಅಖ್ತರಭಾಯ್, ಸ್ವಲ್ಪ ಹಿಂದ ಹೊಳ್ಳಿ ನೋಡ್ರಿ, ನಿಮ್ಮ ಬೆನ್ನಿಗೆ ಯಾರದಾರ — ಫೋನಿನೊಳಗಿಂದ ತಾಯವ್ವನ ದೊಡ್ಡ ನಗು, ಅದರ ಮೇಲೆ ಅಖ್ತರನ ಒಡೆದ ದನಿ, ನಮ್ಮಾಕಿ ಎಲ್ಲಿ, ನಮ್ಮಾಕಿ ಎಲ್ಲಿ ಅದಾಳ್ರಿ — ನನ್ನ ಕೂಡ ಎಂದು ಲಕ್ಕಪ್ಪ ಹೇಳುವ ಮೊದಲೇ ಫೋನು ಕಟ್ಟಾಯಿತು, ಮತ್ತೆ ಹಚ್ಚಿದರೆ ಎತ್ತುವವರಿಲ್ಲ. ಬರ್ರಿ ಅಣ್ಣಾರ, ಬಂದ ದಾರೀಲೆ ಬರ್ತಾರ ಅವರು ಎಂದು ತಬಸ್ಸುಮ ಹಿಂದಕ್ಕೆ ಹೊಳ್ಳಿದಳು.

ಹೂಕೋಸಿನ ದೋಣಿ ಖಾಲಿಯಾಗಿತ್ತು, ಅವಳು ಕಮಾನಿನ ನೆರಳಿಗೆ ನಿಂತಳು, ಆಗ ಎದುರಿನ ಓಣಿಯ ಬಾಯಲ್ಲಿ ಅವನು, ಬೋಳುನೆತ್ತಿ ಬೆವತಿದೆ, ಟೊಪ್ಪಿಗೆ ಮುಷ್ಟಿಯಲ್ಲಿ ಮುದ್ದೆಯಾಗಿದೆ, ದೂರದಲ್ಲಿ ತಾಯವ್ವ ತಡೀರೋ ಮಾರಾಯ್ರ ಎಂದು ಏದುತ್ತ — ಆದರೆ ಮುಖ, ಈ ಮುಖ ಯಾವುದು, ಮಗಳು ಹುಟ್ಟಿದಾಗಲೂ ಇರಲಿಲ್ಲ, ಅಬ್ಬಾ ಸತ್ತಾಗಲೂ ಇರಲಿಲ್ಲ, ಹೋಗುವ ಒಂದೊಂದು ಹೆಂಗಸಿನ ಮೇಲೆ ನಿಂತು ಅವಳಲ್ಲವೆಂದು ಸರಿಯುವ ಮುಖ — ಲಕ್ಕಪ್ಪ ಕೂಗಲು ಕೈ ಎತ್ತಿದ, ತಡೀರಿ ಅಣ್ಣಾರ, ಕೂಗಬ್ಯಾಡ್ರಿ ಎಂದಳು ತಬಸ್ಸುಮ, ಅಯ್ಯ ಭಾಭೀ, ಪಾಪ ಬೆದರ್ಯಾರ್ರಿ ಅವರು, ಗೊತ್ತೈತ್ರಿ, ಒಂದ ಗಳಿಗಿ, ಹಳೇ ಬಾಕಿ ಐತ್ರಿ, ಒಂದ ಗಳಿಗಿ ಅಷ್ಟ — ಎಡಕ್ಕೆ ನೋಡಿತು, ಬಲಕ್ಕೆ ನೋಡಿತು, ಹೊಳ್ಳಿ ಹಿಂದೆ ನೋಡಿತು, ಮತ್ತೆ ಹಿಂದೆ, ಆ ಮುಖ.