ಕಾಗದದ ಯಜಮಾನಿ

“ದೂರ ನಿಂತು ಮಾತಾಡೇ. ಬಾಯಿ ತೆಗೆದ್ರೆ ಸೀಮೆಎಣ್ಣೆ ನಾತ. ಇಲ್ಲೆಲ್ಲ ಕಾಗದ ಇದಾವೆ, ಬೆಂಕಿಗಿಂಕಿ ಹತ್ತೀತು!”

ತೆರಿಗೆ ಕಚೇರಿಯ ಅಧಿಕಾರಿ ತನ್ನ ಮಾತಿಗೆ ತಾನೇ ನಕ್ಕ. ಪಕ್ಕದ ಮೇಜಿನವರೂ ನಕ್ಕರು. ಬೆಂಕಿಯವಳು ಗೋಡೆಯವರೆಗೆ ಹಿಂದೆ ಸರಿದಳು. ಬಾಯಿತುಂಬ ಸೀಮೆಎಣ್ಣೆ ತುಂಬಿಕೊಂಡು ಉರಿಯುವ ಪಂಜಿನ ಮೇಲೆ ಉಗುಳಿ ಆಳೆತ್ತರದ ಜ್ವಾಲೆ ಎಬ್ಬಿಸುವುದು ಅವಳ ಕಸುಬು. ಎಷ್ಟು ತಿಕ್ಕಿ ತೊಳೆದರೂ ವಾಸನೆ ಹೋಗುತ್ತಿರಲಿಲ್ಲ. ಕೆಳತುಟಿ ಸುಟ್ಟು ಸುಟ್ಟು ಚಪ್ಪಲಿಯ ತೊಗಲಿನಂತಾಗಿತ್ತು.

“ವರ್ಷಕ್ಕೆ ಇಷ್ಟು ಲಕ್ಷ ದುಡ್ಕೊಂಡು ಒಂದು ಕಾಸು ತೆರಿಗೆ ಕಟ್ಟಿಲ್ವಲ್ಲ, ನಾಚಿಕೆ ಆಗಲ್ವಾ?”

“ಲಕ್ಷ ಎಲ್ಲಿಂದ ಬರ್ಬೇಕು ಸಾರ್? ಆಟಕ್ಕಿಷ್ಟು ಅಂತ ಕೂಲಿ ಕೊಡ್ತಾರೆ. ಅದ್ರಲ್ಲೂ ತೆರಿಗೆಗೆ ಅಂತ ಯಜಮಾನ್ರು ಹತ್ತರಲ್ಲೊಂದು ಪಾಲು ಹಿಡ್ಕೋತಾರೆ. ಕಟ್ಟಿದೀನಿ ಅಂದಿದ್ರು.”

“ಖರ್ಚಿಗೆ ರಸೀದಿ ಇದ್ಯಾ?”

ಅವಳು ಕೈಚೀಲದಿಂದ ಕಟ್ಟು ತೆಗೆದಳು. ಸೀಮೆಎಣ್ಣೆಯದು, ಮಿರುಗುವ ಬಟ್ಟೆಯದು, ತುಟಿಗೆ ಹಚ್ಚುವ ಮುಲಾಮಿನದು. ಸ್ವಂತ ದುಡಿಮೆಯವರು ರಸೀದಿ ಇಟ್ಟುಕೊಳ್ಳಬೇಕೆಂದು ಯಾರೋ ಹೇಳಿದ್ದನ್ನು ನಂಬಿ ಒಂದನ್ನೂ ಎಸೆದಿರಲಿಲ್ಲ. ಅಧಿಕಾರಿ ಅದನ್ನು ಪೆನ್ನಿನ ತುದಿಯಿಂದ ಆಚೆ ತಳ್ಳಿದ.

“ಮುಲಾಮಂತೆ! ನಾಳೆ ಪೌಡರ್ ಲೆಕ್ಕನೂ ತರ್ತೀಯ. ನಾಟಕ ಆಡ್ಬೇಡ. ಸರ್ಕಸ್ ಕಂಪನಿ ನಿನ್ನ ಹೆಸರಲ್ಲಿದೆ. ಲಾರಿ ನಿಂದು, ಜನರೇಟರ್ ನಿಂದು, ದೀಪಗೀಪ ಎಲ್ಲಾ ನಿಂದು. ಸಂಬಳಕ್ಕೆ ಮ್ಯಾನೇಜರ್ ಬೇರೆ ಇಟ್ಕೊಂಡಿದೀಯ, ಮಹಾರಾಣಿ! ಸಹಿ ನಿಂದೇ ತಾನೇ?”

ಸಹಿ ಅವಳದೇ. ತೆರಿಗೆ ಕಾಗದ ಎಂದು ಹೇಳಿ ಯಜಮಾನ ಹಾಕಿಸಿಕೊಂಡದ್ದು.

“ಆ ಮ್ಯಾನೇಜರ್ ಯಾರು ಸಾರ್?”

ಅಧಿಕಾರಿ ಹೆಸರು ಓದಿದ. ಯಜಮಾನನದೇ ಹೆಸರು.

“ತಿಂಗಳೊಳಗೆ ಕಟ್ಟು. ಇಲ್ದಿದ್ರೆ ಜಪ್ತಿ.” ಅವಳ ಸಹಿಯಿದ್ದ ಆ ಕಂಪನಿ ಕಾಗದದ ಪ್ರತಿಯನ್ನು ಅವಳತ್ತ ಎಸೆದ. ಅದು ನೆಲಕ್ಕೆ ಬಿತ್ತು. ಅವಳು ಬಗ್ಗಿ ಆರಿಸಿಕೊಳ್ಳುವಾಗ ಅವನು ಜವಾನನನ್ನು ಕೂಗಿದ. “ಕಿಟಕಿ ತೆಗಿಯಯ್ಯಾ, ಉಸಿರು ಕಟ್ತಾ ಇದೆ.”

ಅವಳು ಮರಳಿ ಬಂದಾಗ ಕೋಣೆಯಲ್ಲಿ ತಂಗಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹಗ್ಗದ ಮೇಲೆ ನಡೆಯುವವಳು. ಹಗ್ಗದ ಕೆಳಗೆ ಕಟ್ಟುವ ಬಲೆಯನ್ನು ಬಾಡಿಗೆ ಉಳಿಸಲೆಂದು ಯಜಮಾನ ತರಿಸದಿದ್ದ ದಿನ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಆಸ್ಪತ್ರೆ ಖರ್ಚು ಕೇಳಲು ಹೋದಾಗ ಅವನು, “ನೀವು ನನ್ನ ನೌಕರರಲ್ಲ ಕಣ್ರೇ, ಸ್ವಂತ ಕಲಾವಿದ್ರು. ಮೂಳೆ ನಿಮ್ದು, ಖರ್ಚೂ ನಿಮ್ದು” ಎಂದಿದ್ದ.

ಕಚೇರಿಯಲ್ಲಿ ನಡೆದದ್ದನ್ನೆಲ್ಲ ಕೇಳಿ ತಂಗಿ ನಿಟ್ಟುಸಿರಿಟ್ಟಳು. “ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸ್ತಂತೆ. ಆ ಮೇಕೆ ನೀನೇ ಕಣಕ್ಕಾ.”

“ಮೇಕೆಗೂ ಕೊಂಬಿರುತ್ತೆ ಸುಮ್ನಿರೇ” ಎಂದು ಬೆಂಕಿಯವಳು ಹೊರಟಳು.

ಯಜಮಾನ ಡೇರೆಯೊಳಗೆ ಮಂಚದ ಮೇಲೆ ಬಿದ್ದುಕೊಂಡಿದ್ದ. ಲಾರಿಯ ಡ್ರೈವರಜ್ಜ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಅವನ ಕಾಲು ಒತ್ತುತ್ತಿದ್ದ. ಬಾಕಿ ಸಂಬಳ ಕೇಳಲು ಬಂದವನಿಗೆ ಸಿಕ್ಕ ಕೆಲಸ ಅದು.

ಕಾಗದ ನೋಡಿ ಯಜಮಾನ ಹೊಟ್ಟೆ ಕುಲುಕಿಸಿಕೊಂಡು ನಕ್ಕ. “ಅಯ್ಯೋ ಮುಂಡೇದೇ, ಅದೆಲ್ಲಾ ಕಾಗದದಲ್ಲಿ ಕಣೇ! ಕಾಗದದಲ್ಲಿ ಹುಲಿ ಬರೆದ್ರೆ ಕಚ್ಚುತ್ತಾ?”

“ತೆರಿಗೆ ಮಾತ್ರ ಕಚ್ತಾ ಇದೆಯಲ್ಲ.”

“ಕಚ್ಚಿಸ್ಕೋ. ಇಲ್ಲಾ ಜೈಲಿಗೆ ಹೋಗು, ಪುಕ್ಕಟೆ ಅನ್ನ. ನನ್ನ ಹೆಸರೆತ್ತಿದ್ಯೋ, ಉಳಿದಿರೋ ತುಟಿನೂ ಸುಟ್ಟಾಕ್ತೀನಿ. ಸಂಜೆ ದೊಡ್ಡ ದೊಡ್ಡೋರು ಬರ್ತಾರೆ, ಮೂತಿ ತೊಳ್ಕೊಂಡು ಬಾ ಹೋಗು.” ಅಜ್ಜನ ಕೈ ನಿಂತದ್ದು ಕಂಡು ಅವನ ಭುಜಕ್ಕೆ ಹಿಮ್ಮಡಿಯಿಂದ ತಿವಿದ. “ಒತ್ತೋ ಮುದಿ ಗೂಬೆ.”

ಅಜ್ಜ ತಲೆ ಎತ್ತಿ ಅವಳನ್ನು ನೋಡಿದ. ಅವಳು ಕಾಗದ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊರಗೆ ನಿಂತ ಲಾರಿಯತ್ತ ಕಣ್ಣು ತಿರುಗಿಸಿದಳು. ಅವರಿಬ್ಬರ ನಡುವೆ ಅಷ್ಟರಲ್ಲೇ ಮಾತು ಮುಗಿಯಿತು.

ಸಂಜೆ ಮೈದಾನದಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಮುಂದಿನ ಸಾಲಿನ ಕುರ್ಚಿಗಳಲ್ಲಿ ದೊಡ್ಡವರು. ಯಜಮಾನ ಟಿಕೆಟ್ ದುಡ್ಡಿನ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಮೈಕು ಹಿಡಿದು, “ನನ್ನ ಕಂಪನಿಯ ಹೆಮ್ಮೆಯ...” ಎನ್ನುತ್ತಿದ್ದ. ಬೆಂಕಿಯವಳು ಪಂಜಿಲ್ಲದೆ ಬಂದು ಮೈಕು ಕಿತ್ತುಕೊಂಡಳು.

“ಕಂಪನಿ ಇವನದಲ್ಲ, ನಂದು. ಸರ್ಕಾರದ ಕಾಗದದಲ್ಲೇ ಹಾಗಿದೆ. ಇವನು ನನ್ನ ಹತ್ರ ಸಂಬಳಕ್ಕಿರೋ ಆಳು. ಬಲೆ ಕಟ್ಟಿಸ್ದೆ ನನ್ನ ತಂಗಿ ಸೊಂಟ ಮುರಿಸಿದ ಸೂಳೆಮಗ. ಇವತ್ತಿಂದ ಇವನಿಗೆ ಕೆಲ್ಸ ಇಲ್ಲ. ಆಟನೂ ಇಲ್ಲ. ನಿಮ್ಮ ಟಿಕೆಟ್ ದುಡ್ಡು ಇವನ ಚೀಲದಲ್ಲಿದೆ, ಇಸ್ಕೊಳ್ಳಿ.”

ಅವನು ಬಾರಿಸಿದ. ಆ ಏಟು ಮೈಕಿನಲ್ಲಿ ಇಡೀ ಮೈದಾನಕ್ಕೆ ಕೇಳಿಸಿತು. ಅವಳು ತುಟಿಯ ರಕ್ತ ಒರೆಸಿಕೊಂಡು ಲಾರಿಯತ್ತ ಕೈ ಎತ್ತಿದಳು. ಅಜ್ಜ ಜನರೇಟರ್ ಆರಿಸಿದ.

ಮುಸ್ಸಂಜೆಯ ಮಸುಕಿನಲ್ಲಿ ಜನ ಎದ್ದರು. “ದುಡ್ಡು ಕೊಡೋ ಕಳ್ಳಾ!” ಮೊದಲು ಚೀಲ ಹರಿಯಿತು, ಆಮೇಲೆ ಅಂಗಿ. “ನಾನಲ್ಲ, ಅವಳೇ ಯಜಮಾನಿ, ಅವಳನ್ನ ಕೇಳಿ!” ಎಂದು ಅವನು ಅರಚುತ್ತಿದ್ದರೂ ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಷ್ಟರಲ್ಲಿ ಆಟದವರೆಲ್ಲ ದೀಪ, ಪೆಟ್ಟಿಗೆ ಹೊತ್ತು ಲಾರಿ ಹತ್ತಿದ್ದರು. ತಂಗಿಯನ್ನು ಆಗಲೇ ಪರದೆಗಳ ರಾಶಿಯ ಮೇಲೆ ಮಲಗಿಸಿದ್ದಾಗಿತ್ತು. ಲಾರಿ ಕದಲಿತು.

“ತೆರಿಗೆ ಬಾಕಿ ಹಾಗೇ ಇದೆಯಲ್ಲಕ್ಕಾ?”

“ಲಾರಿ ನಮ್ದಾದ್ಮೇಲೆ ಅದೂ ನಮ್ದೇ. ಆಡಿ ಕಟ್ಟೋಣ.”

ಹಿಂದಿನಿಂದ ಯಜಮಾನ ಓಡಿಬಂದ. ಮೈಮೇಲೆ ಅಂಗಿಯಿಲ್ಲ, ಒಂದು ಕಾಲಿಗೆ ಚಪ್ಪಲಿಯಿಲ್ಲ. ಹಾರಿ ಹಿಂಬದಿಯ ಹಲಗೆ ಹಿಡಿದುಕೊಂಡ. ಅವನ ಬೆನ್ನ ಹಿಂದೆ ಕಲ್ಲು ಹಿಡಿದ ಜನ.

“ನಿಲ್ಸಮ್ಮಾ! ತಾಯೀ, ನಿನ್ನ ಕಾಲಿಗೆ ಬೀಳ್ತೀನಿ, ಹತ್ತಿಸ್ಕೊಳ್ಳೇ, ಸಾಯಿಸ್ತಾರೆ ಕಣೇ!”

ಲಾರಿಯಲ್ಲಿ ಕೂತವರು ಅವನ ಬೆರಳುಗಳನ್ನೇ ನೋಡುತ್ತಿದ್ದರು. ಯಾರೂ ಕೈ ಕೊಡಲಿಲ್ಲ, ಯಾರೂ ಒದೆಯಲೂ ಇಲ್ಲ. ಬೆಂಕಿಯವಳು ಕ್ಯಾಬಿನ್ನಿನ ತಗಡಿಗೆ ಗುದ್ದಿದಳು.

“ಇನ್ನೂ ಜೋರಾಗಿ ಹೊಡಿ ಅಜ್ಜಾ.”

ಹಲಗೆಯ ಮೇಲೆ ಎಂಟು ಬೆರಳಿದ್ದವು. ರಸ್ತೆಯ ಮೊದಲ ಗುಂಡಿಗೆ ಲಾರಿ ಎಗರಿದಾಗ ನಾಲ್ಕಾದವು. ಮುಂದೆ ರಸ್ತೆಯ ತುಂಬ ಗುಂಡಿಗಳೇ ಇದ್ದವು.