ಸಾವಿರ ವರ್ಷದ ತಟ್ಟೆಯಲ್ಲಿ ಹತ್ತು ವರ್ಷ

ಗುರುಮಲ್ಲಪ್ಪನಿಗೆ ಹೊಸದೆಂದರೆ ಹುಚ್ಚು. ನಂಜನಗೂಡಿನ ಬಜಾರಿಗೆ ಬಣ್ಣದ ಜೆರಾಕ್ಸು ಮೊದಲು ತಂದವನು ಅವನು, ಅದರಲ್ಲಿ ಮೊದಲು ಕೈ ಸುಟ್ಟುಕೊಂಡವನೂ ಅವನೇ. ಮದುವೆ ವಿಡಿಯೋ ತೆಗೆಯುವ ಅವನ ಸ್ಟುಡಿಯೋಗೆ, ಎಲ್ಲರ ಕೈಗೂ ಫೋನು ಬಂದ ಮೇಲೆ, ಪಾಸ್‌ಪೋರ್ಟ್ ಫೋಟೋದವರನ್ನು ಬಿಟ್ಟರೆ ನೊಣಗಳೇ ಗಿರಾಕಿ. ಹೀಗಿರುವಾಗ ಮೈಸೂರಿನ ಏಜೆಂಟನೊಬ್ಬ ಬಂದು, ಸಾವಿರ ವರ್ಷ ಬಾಳುವ ಹೊಸ ನಮೂನೆಯ ಡಿಸ್ಕು ಬಂದಿದೆ, ಒಮ್ಮೆ ತುಂಬಿಸಿದ ವಿಡಿಯೋ ಆಗಲಿ ದನಿಯಾಗಲಿ ಅಳಿಸಿಹೋಗುವ ಪ್ರಶ್ನೆಯೇ ಇಲ್ಲ ಎಂದ. ಗುರುಮಲ್ಲಪ್ಪ ಕರಗಿ ನೀರಾದ. ಡಿಸ್ಕಿನ ಪೆಟ್ಟಿಗೆಗಳೂ ಅದಕ್ಕೆ ತುಂಬಿಸುವ ಮಿಷಿನ್ನೂ ಅಂಗಡಿಗೆ ಬಂದಿಳಿದವು.

ಹೆಂಡತಿ ಮಲ್ಲಾಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೋಡಿದಳು. ಅಂಗಡಿ ಅವಳ ತವರಿನವರದು. ಅಲ್ಲಿ ಬೂಸಾ ಡಿಪೋ ಇಡಬೇಕೆಂದು ಅವಳ ತಮ್ಮ ನಂಜುಂಡೇಶ್ ಬಹಳ ದಿನದಿಂದ ಬಾಯಲ್ಲಿ ನೀರೂರಿಸಿಕೊಂಡು ಕೂತಿದ್ದ.

"ಯುಗಾದಿ ಒಳಗೆ ಒಬ್ರಾದ್ರೂ ಈ ತಟ್ಟೆಗೆ ಏನಾದ್ರೂ ತುಂಬಿಸ್ಕೊಂಡು ಹೋಗ್ಲಿ," ಎಂದಳು ಮಲ್ಲಾಜಮ್ಮ. "ಇಲ್ದಿದ್ರೆ ಅಂಗಡಿ ನನ್ ತಮ್ಮಂಗೆ. ಬರೀ ಮಾರೋದಲ್ಲ ಕಣ್ರೀ, ತುಂಬಿಸ್ಬೇಕು."

ಒಬ್ಬರು ತಾನೇ, ಅದೇನು ಮಹಾ ಎಂದು ಗುರುಮಲ್ಲಪ್ಪ ಒಪ್ಪಿಬಿಟ್ಟ.

ನೂರೈವತ್ತು ರೂಪಾಯಿ ಎಂದು ಬೋರ್ಡು ಬರೆಸಿದ. ಜನ ಬಂದರು, ಡಿಸ್ಕನ್ನು ತಿರುಗಿಸಿ ಮುರುಗಿಸಿ ನೋಡಿದರು. "ಸಾವ್ರ ವರ್ಸಕ್ಕೆ ನೂರೈವತ್ತಾ? ಒಂದ್ ಪೊರಕೆ ತಕಂಡ್ರೂ ಅಷ್ಟಾಯ್ತದೆ. ಡೂಪ್ಲಿಕೇಟು ಕಣ್ಲಾ," ಎಂದು ಹೊರಟುಹೋದರು. ಬೆಲೆ ಇಳಿಸಿದ, ಅನುಮಾನ ಏರಿತು. ಕೊನೆಗೆ ರೇಗಿಹೋಗಿ, ಕೆಂಪು ಮಖಮಲ್ಲಿನ ಡಬ್ಬಿಗೆ ಹಾಕಿ, ಸೀಲು ಒತ್ತಿ, ಒಂದೂವರೆ ಸಾವಿರ ಎಂದು ಅಚ್ಚು ಹಾಕಿಸಿದ. ಮಾರನೆಯ ದಿನದಿಂದ ಅಂಗಡಿ ಮುಂದೆ ಕ್ಯೂ.

ತುಂಬಿಸಲಿಕ್ಕಲ್ಲ, ಮುಯ್ಯಿಗೆ. ನಮ್ಮ ಕಡೆ ಮದುವೆಯಲ್ಲಿ ಯಾರಾದರೂ ಕೈಗಿಟ್ಟದ್ದನ್ನು ಅವರ ಮನೆಯ ಮದುವೆಗೆ ಅಷ್ಟೇ ತೂಕದಲ್ಲಿ ಹಿಂತಿರುಗಿಸಬೇಕು. ಒಂದು ಗುಲಗಂಜಿ ಕಡಿಮೆಯಾದರೂ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಗೋಡೆ ಗಡಿಯಾರ ನಿಂತುಹೋಗುತ್ತದೆ, ಸ್ಟೀಲು ಬಿಂದಿಗೆಯ ಬೆಲೆ ವರ್ಷಕ್ಕೊಂದು ಥರ. ಈ ಡಿಸ್ಕಾದರೋ ಕೆಡುವುದಿಲ್ಲ, ಬೆಲೆ ಮೇಲೆಯೇ ಅಚ್ಚಾಗಿದೆ, ಮದುವೆಯಿಂದ ಮದುವೆಗೆ ಸಾವಿರ ವರ್ಷ ತಿರುಗಬಹುದು. ಸೀಲು ಒಡೆಯಬಾರದು, ಅಷ್ಟೇ. ಒಡೆದರೆ ಅದು ಬಳಸಿದ ಸಾಮಾನು, ಮುಯ್ಯಿಗೆ ಮೂರು ಕಾಸಿಗೂ ಬಾರದು. ನಂಜನಗೂಡಿನಲ್ಲಿ ಕೊಂಡದ್ದು ಟಿ. ನರಸೀಪುರಕ್ಕೆ ಹೋಯಿತು, ಅಲ್ಲಿಂದ ಮುಡುಕುತೊರೆ ಸುತ್ತಿ ವಾಪಸು ಬಂತು. ಡಿಸ್ಕು ಇಲ್ಲದ ಮನೆಯಿಲ್ಲ, ಅದನ್ನು ಹಾಕಿ ನೋಡುವ ಮಿಷಿನ್ನು ಇರುವ ಮನೆಯೂ ಇಲ್ಲ.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ಗುರುಮಲ್ಲಪ್ಪ ಕಾದ. ತುಂಬಿಸಿಕೊಳ್ಳಲು ಯಾರೂ ಬರಲಿಲ್ಲ. ಅಷ್ಟರಲ್ಲಿ ಕಂಪನಿಯವರು ಬೆಲೆಯನ್ನು ನೂರಕ್ಕೆ ಇಳಿಸಿದರು. ಅಗ್ಗವಾದರೆ ಯಾರಾದರೂ ಪುಣ್ಯಾತ್ಮ ಸೀಲು ಒಡೆದಾನು ಎಂದು ಅವನು ಬೋರ್ಡು ಬದಲಿಸಲು ಏಣಿ ಹತ್ತಿದರೆ, ಸುದ್ದಿ ಕೇಳಿ ನರಸೀಪುರದಿಂದ ಎರಡು ಟೆಂಪೋ ಜನ ಬಂದಿಳಿದರು.

"ಏನ್ರೀ ಗುರುಮಲ್ಲಪ್ಪನೋರೇ, ನನ್ ಮಗಳ ಮದ್ವೇಲಿ ಬಂದಿರೋ ಮುಯ್ಯೆಲ್ಲ ನೂರು ರೂಪಾಯಿಂದು ಅಂತೀರಾ?" ಎಂದು ಮುಂದೆ ನಿಂತಿದ್ದ ಅಮೃತೇಶ್ ಗದರಿದ. "ಕಂಪ್ನಿಯೋರು ಬೇಕಾದ್ರೆ ಅವ್ರ ಊರಲ್ಲಿ ಇಳಿಸ್ಕಳ್ಳಿ. ಕಪಿಲೆ ಹೊಳೆ ಅಕ್ಕಪಕ್ಕ ಒಂದೂವರೆ ಸಾವ್ರವೇ. ಇಳೀರಿ ಏಣಿಯಿಂದ!"

ಬೆಲೆ ಇಳಿಸಲು ಹೋಗಿ ಗಿರಾಕಿಗಳಿಂದ ಬೈಸಿಕೊಂಡ ವ್ಯಾಪಾರಿ ಭೂಮಿಯ ಮೇಲೆ ತಾನೊಬ್ಬನೇ ಇರಬೇಕು ಎನ್ನಿಸಿ ಗುರುಮಲ್ಲಪ್ಪನಿಗೆ ಅಳುವೇ ಬಂತು. ಬೆಲೆ ಇಳಿಯಲಿಲ್ಲ, ಅವನು ಇಳಿದ.

ಯುಗಾದಿಯ ಹಿಂದಿನ ದಿನ ನಂಜುಂಡೇಶ್ ಟೇಪು ಹಿಡಿದು ಅಂಗಡಿ ಅಳೆಯುತ್ತಿದ್ದ. ಕೊನೆಗೆ ಉಳಿದಿದ್ದ ಒಂದೇ ಡಿಸ್ಕನ್ನೂ ನರಸೀಪುರದ ಮದುವೆಯೊಂದರ ಮುಯ್ಯಿಗೆಂದು ತನ್ನ ಬ್ಯಾಗಿನ ಪಕ್ಕ ಎತ್ತಿಟ್ಟುಕೊಂಡಿದ್ದ. ಮಲ್ಲಾಜಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆಗ ತಾಂಡವಪುರದ ಮುದ್ದಮ್ಮ ಬಂದಳು. ತಾಂಡ್ಯದ ಫ್ಯಾಕ್ಟರಿಯಲ್ಲಿ ದುಡಿಯುತ್ತಿದ್ದ ಅವಳ ಗಂಡ ನಾಗಯ್ಯ ಸಂಕ್ರಾಂತಿ ಕಳೆದ ಮೇಲೆ ತೀರಿಕೊಂಡಿದ್ದ. ಅವಳ ಕೈಯಲ್ಲಿ ಗಾಜು ಒಡೆದ ಫೋನು.

"ಇದ್ರಲ್ಲಿ ನಮ್ಮೆಜಮಾನ್ರ ಗೊರ್ಕೆ ಐತೆ ಸಾ," ಎಂದಳು. "ನಮ್ ಮಗಳು ನಗಾಡ್ಕಂಡು ಇಡ್ದಿದ್ಲು. ಫೋನು ಇವತ್ತೋ ನಾಳೆಯೋ ಅಂತದೆ. ಅದ್ಯಾವ್ದೋ ತಟ್ಟೆ ಐತಂತಲ್ಲ, ಅದ್ಕೆ ಆಕ್ಕೊಡಿ."

"ಗೊರಕೇನಾ?"

"ಊಂ ಸಾ. ನಲವತ್ ವರ್ಸ ಆ ಗೊರ್ಕೆ ಬೈಕಂಡೇ ಮಲಗ್ದೆ. ಈಗ ಮನೆ ಗವ್ ಅಂತದೆ, ನಿದ್ದೆ ಅತ್ತಾಕಿಲ್ಲ."

ಕೊನೆಗೂ ಒಬ್ಬಳು ತುಂಬಿಸಲು ಬಂದಿದ್ದಳು. ಆದರೆ ಬೆಲೆ ಹೇಳಲೇಬೇಕಲ್ಲ. ಗುರುಮಲ್ಲಪ್ಪ ಅಳುಕುತ್ತಲೇ ಒಂದೂವರೆ ಸಾವಿರ ಎಂದ. ಮುದ್ದಮ್ಮ ಗಾಬರಿಯಾಗಲಿಲ್ಲ, ಬೆರಳು ಮಡಿಸಿದಳು.

"ಸಾವ್ರ ವರ್ಸಕ್ಕೆ ತಾನೇ? ಅಂಗಾದ್ರೆ ವರ್ಸಕ್ಕೆ ಒಂದೂವರೆ ರೂಪಾಯಿ ಆಯ್ತು. ನಾನಿನ್ನು ಅತ್ತು ವರ್ಸ ಬದುಕುದ್ರೆ ಎಚ್ಚು. ಅತ್ತು ವರ್ಸದ್ದು ಕೊಡಿ." ಸೆರಗಿನ ಗಂಟು ಬಿಚ್ಚಿ ಹದಿನೈದು ರೂಪಾಯಿ ಕೌಂಟರಿನ ಗಾಜಿನ ಮೇಲಿಟ್ಟಳು. "ಮಿಕ್ಕಿದ್ ವರ್ಸವ ನೀವೇ ಮಡೀಕಳಿ ಸಾ."

ಇಷ್ಟು ನ್ಯಾಯವಾದ ಮಾತನ್ನು ಗುರುಮಲ್ಲಪ್ಪ ಆ ಡಿಸ್ಕಿನ ಬಗ್ಗೆ ಕೇಳಿಯೇ ಇರಲಿಲ್ಲ. ನಂಜುಂಡೇಶನ ಬ್ಯಾಗಿನ ಪಕ್ಕದ ಡಬ್ಬಿಗೆ ಕೈಹಾಕಿ ಚರಕ್ಕನೆ ಸೀಲು ಕಿತ್ತ.

"ಭಾವಾ! ಮದ್ವೇಗೆ ನಾನೇನ್ ಕೊಡ್ಲಿ?" ಎಂದು ನಂಜುಂಡೇಶ್ ಕಿರುಚಿದ. ಅಷ್ಟರಲ್ಲಿ ಡಿಸ್ಕು ಮಿಷಿನ್ನಿನ ಹೊಟ್ಟೆ ಸೇರಿತ್ತು.

ತುಂಬಿಸಿ ಆದ ಮೇಲೆ ಗುರುಮಲ್ಲಪ್ಪ ಕೇಳಿದ: "ಮನೇಲಿ ಇದನ್ನ ಹಾಕೋ ಮಿಷಿನ್ ಐತಾಮ್ಮ?"

"ಎಲ್ಲಿಂದ ಬತ್ತದೆ ಸಾ? ಇಲ್ಲೇ ಒಸಿ ಕೇಳುಸ್ಬುಡಿ. ಬೇಕಾದಾಗೆಲ್ಲ ಬತ್ತೀನಿ."

ಅವನು ಮದುವೆ ಮನೆಯ ದೊಡ್ಡ ಸ್ಪೀಕರಿಗೇ ಹಚ್ಚಿದ. ಮೊದಲು ಸಣ್ಣ ಸಿಳ್ಳು, ಆಮೇಲೆ ಕಲ್ಲುದಾರಿಯಲ್ಲಿ ಎತ್ತಿನಗಾಡಿ ಹೋದ ಹಾಗೆ ಒಂದೇ ಸಮ ಸದ್ದು. ನಡುವೆ ಉಸಿರು ಕಟ್ಟಿತು. ಅಂಗಡಿಯಲ್ಲಿದ್ದವರೆಲ್ಲ ತಮ್ಮ ಉಸಿರನ್ನೂ ಹಿಡಿದು ನಿಂತರು. ಮತ್ತೆ ಗೊರ್ ಎಂದಾಗ ಮಲ್ಲಾಜಮ್ಮ "ಅಬ್ಬಾ" ಎಂದು ಎದೆ ಮುಟ್ಟಿಕೊಂಡಳು.

"ಒಸಿ ಮಗ್ಗುಲಾಗಿ ಮಲಿಕಳಿ," ಎಂದು ಮುದ್ದಮ್ಮ ಸ್ಪೀಕರಿಗೆ ಗದರಿದಳು. ಹಾಗೇ ಬೆಂಚಿನ ಮೇಲೆ ಕೂತು, ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ನೋಡನೋಡುತ್ತಿದ್ದಂತೆ ಅವಳ ಬಾಯಿ ತುಸು ತೆರೆದುಕೊಂಡಿತು, ಕೈ ಮಡಿಲಿಗೆ ಜಾರಿತು. ಎಷ್ಟು ದಿನದ ನಿದ್ದೆಯೋ, ಪಾಪ.

ನಂಜುಂಡೇಶನಿಗೆ ತಡೆಯಲಾಗಲಿಲ್ಲ. "ಅಕ್ಕಾ, ಇದೇನ್ ಸ್ಟುಡಿಯೋನಾ, ಛತ್ರನಾ? ನನ್ ಡಿಪೋ ಕತೆ ಏನು?" ಎಂದು ದನಿ ಏರಿಸಿದ.

ಮಲ್ಲಾಜಮ್ಮನ ಕಣ್ಣು ತುಂಬಿ ಬಂದಿತ್ತು. ತಮ್ಮನ ಕೈಯಿಂದ ಟೇಪು ಕಿತ್ತುಕೊಂಡು, ತುಟಿಯ ಮೇಲೆ ಬೆರಳಿಟ್ಟಳು.

"ಮೆತ್ತಗೆ ಮಾತಾಡೋ," ಎಂದಳು. "ಅವರ ಯಜಮಾನ್ರು ಎದ್ದುಬಿಟ್ಟಾರು."